ಹೆಚ್ಚುಮಣೆಯ ಬ್ರಾಕೆಟ್

"ಯಾರು ಮುಟ್ಟಿದ್ದು ಇದನ್ನ?"

ಕಾರಿನ ಮೇಲ್ಮುಚ್ಚಳವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಮೇಸ್ತ್ರಿ ಕೇಳಿದ. ದನಿ ಏರಿರಲಿಲ್ಲ. ದನಿ ಏರದಿದ್ದಾಗಲೇ ಹೆದರಬೇಕಾದ ಮನುಷ್ಯ ಆತ. ಏರಿದರೆ ಚಿಂತೆಯಿಲ್ಲ, ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಅವನ ಹೆಂಡತಿ ಮದುವೆಯಾದ ಹೊಸದರಲ್ಲೇ ಕಲಿತಿದ್ದಳು. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಇದೇ ಗಳಿಗೆಗೆ ಕಾದಿದ್ದಳು. ಗಂಡ ತಂಗಿಯ ಮನೆಯಿಂದ ಬರುತ್ತಾನೆ, ಮೇಜಿನ ಮುಂದೆ ಕೂರುತ್ತಾನೆ, ಮುಚ್ಚಳ ತೆಗೆಯುತ್ತಾನೆ, ಮುಖ ಅರಳುತ್ತದೆ. ಕೊನೆಯದೊಂದು ಬಿಟ್ಟು ಉಳಿದದ್ದೆಲ್ಲ ಅವಳೆಣಿಸಿದ ಹಾಗೇ ಆಗಿತ್ತು.

"ನೆಟ್ಟಣ್ಣ," ಎಂದಳು. "ನೀವು ಊರಲ್ಲಿಲ್ಲದಾಗ ತಗೊಂಡು ಹೋಗಿದ್ದ. ಇವತ್ತು ಮಧ್ಯಾಹ್ನ ತಂದುಕೊಟ್ಟ. ಚೆನ್ನಾಗಿ ಮಾಡಿದಾನಲ್ವಾ?"

ಮೇಸ್ತ್ರಿ ಮುಚ್ಚಳವನ್ನು ಮೇಜಿನ ಮೇಲೆ ಕವುಚಿಟ್ಟ.

ಕಾರೆಂದರೆ ಮೊಳದುದ್ದದ ರಿಮೋಟ್ ಕಾರು. ಮಕ್ಕಳಾಟಿಕೆ ಎಂದು ನಕ್ಕವರನ್ನು ಮೇಸ್ತ್ರಿ ಹೊಸ್ತಿಲು ದಾಟಲು ಬಿಟ್ಟವನಲ್ಲ. ಮುಚ್ಚಿಹೋದ ಕಾರ್ಖಾನೆಯೊಂದರ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ತಲೆ ನರೆತ ಗಂಡಸರು ಸೇರಿ ಇಂಥ ಕಾರುಗಳನ್ನು ಓಡಿಸುತ್ತಿದ್ದರು. ಓಟ ಮುಗಿದದ್ದೇ ಎಲ್ಲರೂ ಮುಚ್ಚಳ ತೆಗೆದು ಒಬ್ಬರ ಕಾರಿನ ಒಳಗನ್ನು ಒಬ್ಬರು ನೋಡಬೇಕು, ಅದು ಅಲ್ಲಿನ ರೂಢಿ. ಯಾರ ಕಾರು ಮೊದಲು ಬಂತು ಎನ್ನುವುದು ಊಟದ ಹೊತ್ತಿಗೆ ಮರೆತುಹೋಗುತ್ತಿತ್ತು; ಯಾರ ವೈರು ಹೇಗಿತ್ತು ಎನ್ನುವುದನ್ನು ವಾರವಿಡೀ ಆಡಿಕೊಳ್ಳುತ್ತಿದ್ದರು.

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮೇಸ್ತ್ರಿ ಆ ಕಡೆ ತಲೆ ಹಾಕಿರಲಿಲ್ಲ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ, ಗೋಡೆ ನೋಡುತ್ತ ಕೂತಿರುತ್ತಿದ್ದ. ವ್ಯಾಯಾಮ ಮಾಡಿಸುವವರು ರಬ್ಬರ್ ಚೆಂಡು ಕೊಟ್ಟು ಹಿಸುಕು ಎಂದರೆ, ಹಿಸುಕಿ ಏನು ರಸ ತೆಗೀಲಾ ಎಂದು ಕೇಳಿದ್ದ. ಆಮೇಲೊಂದು ದಿನ, ಯಾರೂ ಹೇಳದೆಯೇ, ವೈರಿನ ಡಬ್ಬ ಇಳಿಸಿಕೊಡು ಎಂದ. ಹೊಸ ಕಾರು ಕಟ್ಟುತ್ತೇನೆ, ಎಡಗೈ ಹಿಡಿದುಕೊಳ್ಳುವುದಷ್ಟೆ, ಕೆಲಸವೆಲ್ಲ ಬಲಗೈಯದೇ, ಆಗುವವರೆಗೂ ಅಂಗಳಕ್ಕೆ ಹೋಗುವುದಿಲ್ಲ ಎಂದ. ಆ ದಿನ ಅವನ ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಕೆಲಸ ಆಮೆಯ ನಡಿಗೆ. ಕಾದ ಕಡ್ಡಿ ಬೆಸುಗೆಯ ಜಾಗಕ್ಕೆ ಹೋಗದೆ ಹೆಬ್ಬೆರಳಿಗೆ ಹೋಗುತ್ತಿತ್ತು. ಒಂದು ವೈರನ್ನು ಜಾಗಕ್ಕೆ ಕೂರಿಸುವಷ್ಟರಲ್ಲಿ ಅಂಗಿ ಬೆವರಲ್ಲಿ ತೊಯ್ದು ಹೋಗುತ್ತಿತ್ತು. ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟರನ್ನು ಹಿಡಿದುಕೊಳ್ಳಲು ಒಂದು ಬ್ರಾಕೆಟ್ ಬೇಕಿತ್ತು. ಅಂಗಡಿಯದು ಬೇಡ ಎಂದು ಹೆಂಡತಿಯ ಬಿಳಿ ಪ್ಲಾಸ್ಟಿಕ್ಕಿನ ಹೆಚ್ಚುಮಣೆಯ ಮೂಲೆಯನ್ನೇ ಗರಗಸದಲ್ಲಿ ಕೊಯ್ದುಕೊಂಡ. ಅದಕ್ಕೆ ಆಕೆ ವಾರಗಟ್ಟಲೆ ಬೈದಳು. ಉಜ್ಜಿ ಉಜ್ಜಿ, ತೂತು ಕೊರೆದು ಕೂರಿಸಿದ ಆ ತುಂಡಿನ ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳು. ಅದರ ಮೇಲೆ ಚಾಕುವಿನ ಗೀರುಗಳು ಹಾಗೇ ಇದ್ದವು. ವೈರುಗಳಂತೂ ಬೆಕ್ಕು ಆಡಿದ ನೂಲಿನುಂಡೆ. ಆದರೂ ರಿಮೋಟ್ ಒತ್ತಿದರೆ ಚಕ್ರ ತಿರುಗುತ್ತಿತ್ತು. ಬರುವ ಭಾನುವಾರ ಒಯ್ಯುತ್ತೇನೆ ಎಂದು ಹೇಳಿಯೇ ಆತ ತಂಗಿಯ ಮನೆಗೆ ಹೋಗಿದ್ದು.

ಈಗ ಮುಚ್ಚಳದ ಕೆಳಗೆ ಆ ನೂಲಿನುಂಡೆ ಇರಲಿಲ್ಲ. ಕೆಂಪು, ಕಪ್ಪು, ಹಳದಿ ವೈರುಗಳು ಒಂದರ ಪಕ್ಕ ಒಂದು ಮಲಗಿ, ತಿರುವಿನಲ್ಲಿ ಒಟ್ಟಿಗೇ ತಿರುಗಿ, ಮೇಣ ಹಚ್ಚಿದ ದಾರದ ಗಂಟುಗಳ ಕೆಳಗೆ ಅಚ್ಚುಕಟ್ಟಾಗಿ ಹರಿದಿದ್ದವು. ಹೆಚ್ಚುಮಣೆಯ ತುಂಡಿನ ಜಾಗದಲ್ಲಿ ಯಂತ್ರದಲ್ಲಿ ಕೊಯ್ದ ಅಲ್ಯೂಮಿನಿಯಂ ಬ್ರಾಕೆಟ್ ಹೊಳೆಯುತ್ತಿತ್ತು. ಹೆಂಡತಿಗೆ ಮಧ್ಯಾಹ್ನ ಅದನ್ನು ನೋಡಿದಾಗ ಎದೆ ಧಸಕ್ಕೆಂದಿತ್ತು, ಸಂತೋಷಕ್ಕೇ. ಲಕ್ವಕ್ಕೆ ಮುಂಚೆ ಗಂಡ ಮಾಡುತ್ತಿದ್ದ ಕೆಲಸವೇ ಅದು. ಆ ಗಂಟು ಕೂಡ ಅವನದೇ.

ಆಗದೇ ಏನು? ನೆಟ್ಟಣ್ಣ ಅವನ ಶಿಷ್ಯ. ಲಿಫ್ಟುಗಳಿಗೆ ಪ್ಯಾನೆಲ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ ವೈರಿಂಗಿನ ಮುಖ್ಯಸ್ಥನಾಗಿದ್ದಾಗ ಕೈಕೆಳಗೆ ಸೇರಿದವನು, ಈಗ ಹೊಟ್ಟೆ ಬಂದು, ಮಗಳ ಮದುವೆ ಮಾಡಿ, ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಸೊಟ್ಟಗಿರುವುದನ್ನು ಕಂಡರೆ ಅವನಿಗೆ ಕೈ ತುರಿಸುತ್ತದೆ. ಯಾರ ಮನೆಗೆ ಹೋದರೂ ಮೊದಲು ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ಯೋಗಕ್ಷೇಮ ಕೇಳುವವನು. ಆ ಚಟ ಹತ್ತಿಸಿದವನು ಮೇಸ್ತ್ರಿಯೇ. ಮೇಸ್ತ್ರಿ ಕಲಿಸುವ ಬಗೆ ಒಂದೇ: ಬೈಯುವುದಿಲ್ಲ, ತೋರಿಸುವುದಿಲ್ಲ. ವೈರು ಸೊಟ್ಟಗೆ ಕಂಡರೆ ಜೇಬಿನಿಂದ ಕಟ್ಟರ್ ತೆಗೆದು, ಎಲ್ಲರೆದುರು, ಇಡೀ ಕಟ್ಟನ್ನು ಕಚಕ್ಕೆಂದು ಕತ್ತರಿಸಿ ಮುಂದಕ್ಕೆ ಹೋಗುತ್ತಿದ್ದ. ಬೆಳಗಿನಿಂದ ಮಾಡಿದ್ದು ನೆಲಕ್ಕೆ ಬೀಳುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆಯ ಏಟು ಹೆಚ್ಚು ತಿಂದವನು ನೆಟ್ಟಣ್ಣ.

ಮೇಸ್ತ್ರಿ ಮೇಜಿನ ಖಾನೆ ಎಳೆದು ಅದೇ ಕಟ್ಟರನ್ನು ತೆಗೆದ. ಎಡಗೈಯಿಂದ ಬಲಗೈಗೆ ದಾಟಿಸಿದ. ಬೆರಳುಗಳು ಹಿಡಿಯ ಮೇಲೆ ಮುಚ್ಚಿಕೊಳ್ಳಲು ತಡ ಮಾಡಿದವು, ಆತ ಕಾದ. ಆಮೇಲೆ ಮೊದಲ ಗಂಟಿಗೆ ಕಟ್ಟರಿನ ಬಾಯಿ ಇಟ್ಟ.

"ಏನ್ ಮಾಡ್ತಿದೀರಿ?" ಹೆಂಡತಿ ಎದ್ದು ಬರುವಷ್ಟರಲ್ಲಿ ಕೆಂಪು ವೈರು ತುಂಡಾಗಿತ್ತು. "ಹುಚ್ಚು ಹಿಡಿದಿದೆಯಾ ನಿಮಗೆ? ಪಾಳಿ ಮುಗಿದ ಮೇಲೂ ಕೂತು ಮಾಡಿದಾನೆ ಅವನು."

"ಕೇಳಿದ್ನಾ ನಾನು?"

"ಕೇಳಬೇಕಾ? ನಾನು ದಿನಾ ಬೆಳಿಗ್ಗೆ ನಿಮ್ಮ ಅಂಗಿ ಗುಂಡಿ ಹಾಕ್ತೀನಿ. ಉಗುರು ತೆಗೀತೀನಿ. ಅದಕ್ಕೆಲ್ಲ ತೆಪ್ಪಗೆ ಕೂತಿರ್ತೀರಿ. ಈ ಆಟದ ಕಾರಿಗೆ ಮಾತ್ರ ರೋಷ ಬಂತಾ?"

ಆಟದ ಕಾರು ಎಂಬ ಮಾತು ಆ ಮನೆಯಲ್ಲಿ ಅದೇ ಮೊದಲು ಕೇಳಿಬಂದದ್ದು. ಆಡಿದವಳಿಗೂ ಅದು ನಾಲಿಗೆ ಸುಟ್ಟ ಹಾಗಾಯಿತು. ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಅಂಟುವುದಿಲ್ಲ.

"ಗುಂಡಿ ನಿನಗೆ ಬಿಟ್ಟಿದೀನಿ," ಮೇಸ್ತ್ರಿ ಹೇಳಿದ. "ಉಗುರು ಬಿಟ್ಟಿದೀನಿ. ಇಷ್ಟು ಮಾತ್ರ ಇಟ್ಕೊಂಡಿದ್ದೆ. ಇದನ್ನೂ ತೆಗೆದು ಅವನ ಕೈಗೆ ಕೊಟ್ಟೆ. ಅವನು ನನ್ನ ಹಳೇ ಕೈ ತಂದು ನನ್ನ ಮುಂದೆ ಇಟ್ಟು ಹೋಗಿದಾನೆ. ನೋಡ್ಕೊಂಡು ಕೂತಿರಬೇಕಾ ನಾನು?"

ಆಕೆ ಕೊಟ್ಟದ್ದು ನಿಜ. ನೆಟ್ಟಣ್ಣ ಕೇಳಿದಾಗ ಬೇಡವೆನ್ನಬಹುದಿತ್ತು. ಅಂಗಳದಲ್ಲಿ ಮುಚ್ಚಳ ತೆಗೆದಾಗ ಗಂಡನ ಕಾರಿನೊಳಗಿನ ಆ ಗೋಜಲನ್ನು ಎಲ್ಲರೂ ಬಗ್ಗಿ ನೋಡುತ್ತಾರೆ, ನೋಡಿ ಅಯ್ಯೋ ಪಾಪ ಎನ್ನುತ್ತಾರೆ ಎಂದು ಅವಳು ಹೆದರಿದ್ದಳು. ಆ ಪಾಪ ತನಗೆ ತಡೆಯಲಾಗದು ಎಂದೇ ಕಾರನ್ನು ಚೀಲಕ್ಕೆ ಹಾಕಿಕೊಟ್ಟಿದ್ದಳು. ಅದನ್ನು ಈಗ ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೊಲಿಗೆ ಯಂತ್ರಕ್ಕೆ ವಾಪಸು ಹೋಗಿ ಪ್ಯಾಂಟಿನ ಕಾಲನ್ನು ಅಳತೆಗಿಂತ ಗಿಡ್ಡ ಮಾಡಿಟ್ಟಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಮಾರನೆಯ ಬೆಳಿಗ್ಗೆ ನೆಟ್ಟಣ್ಣ ಶಹಭಾಸ್ ಅನ್ನಿಸಿಕೊಳ್ಳಲು ಬಂದ. ಅಡುಗೆಮನೆಯ ಬಾಗಿಲಿನ ಮೇಲೆ ತೂಗುತ್ತಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಅತ್ತಿಗೆ ಹೇಗಿದೀರಿ ಎನ್ನುತ್ತ ತಿರುಗಿದವನಿಗೆ ಮೇಜಿನ ಮೇಲಿನ ರಾಶಿ ಕಂಡಿತು. ಬೆರಳುದ್ದದ ತುಂಡುಗಳು, ದಾರದ ಚೂರುಗಳು, ಬಿಚ್ಚಿಟ್ಟ ಅಲ್ಯೂಮಿನಿಯಂ. ಕಾರು ಬರೀ ಹೊಟ್ಟೆಯಲ್ಲಿ ಕೂತಿತ್ತು.

"ನನ್ನ ಬ್ರಾಕೆಟ್ ಎಲ್ಲಿ?" ಮೇಸ್ತ್ರಿ ಕೇಳಿದ.

ಯಾವುದು ಎಂದು ನೆಟ್ಟಣ್ಣನಿಗೆ ಹೊಳೆಯಲೇ ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ, ಆ ಪ್ಲಾಸ್ಟಿಕ್ ತುಂಡೇ, ಅದು ಕಾರ್ಖಾನೆಯ ಕಸಕ್ಕೆ ಹೋಯಿತು, ನಿನ್ನೆಯೇ ಲಾರಿ ಬಂದು ಒಯ್ದಿತು ಎಂದ.

"ಹೋಗಿ ತಗೊಂಡು ಬಾ."

"ಎಲ್ಲಿಂದ ತರಲಿ?"

"ಹುಡುಕು. ಕಸದಲ್ಲಿ ಹುಡುಕು. ಯಾರನ್ನ ಕೇಳಿ ಎಸೆದೆ?"

ಇಷ್ಟು ವರ್ಷ ಮೇಸ್ತ್ರಿಯ ಮುಂದೆ ಎದುರು ಮಾತಾಡದ ನೆಟ್ಟಣ್ಣನ ಕತ್ತು ಕೆಂಪಾಯಿತು. ಹೊಟ್ಟೆ ಉಬ್ಬಿ ಇಳಿಯಿತು.

"ನೀವು ಯಾರನ್ನ ಕೇಳಿ ಕತ್ತರಿಸ್ತಿದ್ರಿ, ಮೇಸ್ತ್ರಿ? ನನ್ನದನ್ನ ಎಷ್ಟು ಸಲ ಕತ್ತರಿಸಿದೀರಿ? ಕಕ್ಕಸಿನಲ್ಲಿ ಕೂತು ಅತ್ತು ಬಂದು ಮತ್ತೆ ಕಟ್ತಿದ್ದೆ. ಸೊಟ್ಟಗಿದ್ರೆ ಇರಬಾರದು ಅಂತ ಕಲಿಸಿದ್ದು ಯಾರು? ನಿಮ್ಮ ಕಾರಲ್ಲಿ ಸೊಟ್ಟಗೆ ಕಂಡಿತು. ನೀವು ಹೇಳಿದ್ದನ್ನೇ ಮಾಡಿದೆ. ಈಗ ಅದು ತಪ್ಪಾಯ್ತು."

ಮೇಸ್ತ್ರಿಯ ಬಲಗೈ ಮೇಜಿನ ಅಂಚಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಆತ ಅದನ್ನು ಎತ್ತಿಕೊಳ್ಳಲಿಲ್ಲ. ಇನ್ನು ಇದನ್ನೆಲ್ಲ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಇಡು ಎಂದು ಹೆಂಡತಿಗೆ ಹೇಳಿ, ಗೋಡೆಯ ಕಡೆ ಮುಖ ತಿರುಗಿಸಿದ.

ಆ ಮುಖ ಅವಳಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಗೋಡೆ ನೋಡಿದ ಮುಖ. ಅದು ತಿರುಗಿ ಬರುವುದಾದರೆ ತಾನು ಇನ್ನೊಮ್ಮೆ ಅದರ ಜೊತೆ ಬಾಳಲಾರೆ ಎನ್ನಿಸಿತು. ಗಂಡನ ಮೇಲೆ, ಸೊಟ್ಟ ಕಂಡರಾಗದ ಈ ನೆಟ್ಟಣ್ಣನ ಮೇಲೆ, ಅಯ್ಯೋ ಪಾಪ ಎನ್ನುವ ಬಾಯಿಗಳಿಗೆ ಹೆದರಿದ ತನ್ನ ಮೇಲೆ ಒಟ್ಟಿಗೇ ಸಿಟ್ಟು ನೆತ್ತಿಗೇರಿತು. ಅಡುಗೆಮನೆಯ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತಳ್ಳಿಕೊಂಡು ಒಳಗೆ ಹೋದಳು. ಹೆಚ್ಚಲಿಟ್ಟಿದ್ದ ಈರುಳ್ಳಿಯನ್ನು ಕಟ್ಟೆಗೆ ಸುರಿದು, ಮೂಲೆ ಕಳೆದುಕೊಂಡ ಬಿಳಿ ಮಣೆಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ಪಕ್ಕದಲ್ಲಿ ಗರಗಸ ಇಟ್ಟಳು.

"ಮೂರು ಮೂಲೆ ಉಳಿದಿವೆ," ಎಂದಳು. "ಕೊಯ್ಕೊಳ್ಳಿ."

ಗರಗಸದ ಹಿಡಿಯನ್ನು ಗಂಡನ ಕಡೆಗೆ ತಿರುಗಿಸಿದಳು.

"ಭಾನುವಾರ ಹೋಗ್ತೀರೋ ಮುಂದಿನ ವರ್ಷ ಹೋಗ್ತೀರೋ ನನಗೆ ಬೇಕಿಲ್ಲ. ಅಟ್ಟಕ್ಕೆ ಮಾತ್ರ ನಾನು ಹತ್ತಲ್ಲ. ಮುಚ್ಚಳ ತೆಗೆಯೋವಾಗ ಪಕ್ಕದಲ್ಲಿ ನಾನೂ ನಿಂತಿರ್ತೀನಿ. ಆಡಿಕೊಳ್ಳೋರು ನನ್ನ ಮುಖ ನೋಡಿ ಆಡಿಕೊಳ್ಳಲಿ."

ಮೇಸ್ತ್ರಿ ಗೋಡೆಯಿಂದ ಮುಖ ತಿರುಗಿಸಿ ಮಣೆಯನ್ನು ನೋಡಿದ. ಈರುಳ್ಳಿಯ ಸಿಪ್ಪೆಯೊಂದು ಅದಕ್ಕೆ ಅಂಟಿಕೊಂಡಿತ್ತು. ಅದನ್ನು ಕಿತ್ತೆಸೆದು, ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಪೆನ್ಸಿಲ್ಲಿನಿಂದ ಮೂಲೆಗೆ ಅಡ್ಡಲಾಗಿ ಗೆರೆ ಎಳೆದ. ಗೆರೆಯೇ ಸೊಟ್ಟಗಿತ್ತು. ನೆಟ್ಟಣ್ಣನ ಕೈ ತಾನಾಗಿಯೇ ಅಳತೆಪಟ್ಟಿಯ ಕಡೆಗೆ ಹೋಯಿತು.

"ಮುಟ್ಟಬೇಡ," ಮೇಸ್ತ್ರಿ ಗದರಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಗರಗಸವನ್ನು ಬಲಗೈಗೆ ದಾಟಿಸಿಕೊಂಡು, ಬೆರಳುಗಳು ಮುಚ್ಚಿಕೊಳ್ಳುವವರೆಗೆ ಕಾದು, ಶಿಷ್ಯನ ಮುಖ ನೋಡದೆ ಹೇಳಿದ. "ಮಣೆ ಅಲುಗಾಡ್ತಿದೆ. ಹಿಡ್ಕೊ. ಹಿಡ್ಕೊ ಅಷ್ಟೆ."

ನೆಟ್ಟಣ್ಣ ಎರಡೂ ಕೈಯಿಂದ ಮಣೆಯನ್ನು ಮೇಜಿಗೆ ಅವುಚಿ ಹಿಡಿದ. ಗರಗಸ ಎರಡೆಳೆತ ಗೆರೆಯ ಮೇಲೆ ಹೋಗಿ, ಮೂರನೆಯದಕ್ಕೆ ಗೆರೆ ಬಿಟ್ಟು ಎಡಕ್ಕೆ ಹೊರಳಿತು. ಬಿಳಿ ಪುಡಿ ನೆಟ್ಟಣ್ಣನ ಮುಂಗೈ ಮೇಲೆ ಉದುರತೊಡಗಿತು. ಅವನು ಹಲ್ಲು ಕಚ್ಚಿ ತಲೆಯೆತ್ತಿದ. ಎದುರಿಗೆ ಅಡುಗೆಮನೆಯ ಬಾಗಿಲಿನ ಮೇಲೆ ಕ್ಯಾಲೆಂಡರ್ ಒಂದು ಕಡೆಗೆ ವಾಲಿ ನಿಂತಿತ್ತು. ಕೈ ಬಿಡುವಂತಿರಲಿಲ್ಲ. ಅವನು ಅದನ್ನೇ ನೋಡುತ್ತ ಮಣೆ ಹಿಡಿದುಕೊಂಡು ನಿಂತ.