ತುಳುವಿನಲ್ಲಿ ಹಾಕಿದ ಆಣೆ

ಲೋಕನಾಥ ಹೆಗ್ಡೆಯವರು ವೇದಿಕೆ ಹತ್ತಿದರೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಮನೆಯಲ್ಲಿ, ಪೇಟೆಯಲ್ಲಿ, ಆಳುಗಳಿಗೆ ಬೈಯುವಾಗ ಎಲ್ಲ ತುಳುವೇ. ಆದರೆ ಬೆಂಗಳೂರಿನ ವಿಧಾನಸಭೆಗೆ ಹೋಗಬೇಕಾದವರು ಮೈಕಿನ ಮುಂದೆ ತುಳು ಆಡಿದರೆ ತೂಕ ಕಡಿಮೆಯಾಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವರು ಒಂದು ವಾಕ್ಯ ಹೇಳಿ ನಿಲ್ಲುವುದು, ಪಕ್ಕದಲ್ಲಿ ನಿಂತ ಭೋಜ ಶೆಟ್ಟರು ಅದನ್ನು ತುಳುವಿಗೆ ತಿರುಗಿಸುವುದು. ಶೆಟ್ಟರು ತಾಳಮದ್ದಳೆಯ ಅರ್ಥಧಾರಿ. ಎರಡು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತು ಪೋಣಿಸುವ ಅಭ್ಯಾಸ. ಎದುರು ಕೂತವರು ತೂಕಡಿಸಿದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

೧೯೬೨ರ ಜನವರಿ. ಚುನಾವಣೆಗೆ ಇನ್ನೊಂದು ತಿಂಗಳು ಉಂಟು ಎನ್ನುವಾಗ ಬಂಟ್ವಾಳ ಪೇಟೆಯ ಬ್ಯಾಂಕಿನ ಮೇಲೆ ಸುದ್ದಿ ಹಬ್ಬಿತು. ಅಕ್ಕಿ ವ್ಯಾಪಾರಿಗಳಿಗೆ ಕೊಟ್ಟದ್ದೆಲ್ಲ ಮುಳುಗಿದೆಯಂತೆ. ಮೂಡುಬಿದಿರೆಯ ಶಾಖೆಯಲ್ಲಿ ನೂರು ಕೇಳಿದವರಿಗೆ ಇಪ್ಪತ್ತು ಕೊಟ್ಟು ಕಳಿಸಿದರಂತೆ. ಮರುದಿನ ಬಾಗಿಲು ತೆರೆಯುವ ಮೊದಲೇ ಜನ ಸಾಲು ನಿಂತರು. ಹೆಗ್ಡೆಯವರು ಆ ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬರು. ಮತದಾನಕ್ಕೆ ಮೊದಲು ಬ್ಯಾಂಕು ಬಿದ್ದರೆ ಅವರೂ ಬಿದ್ದ ಹಾಗೆಯೇ. ಅದೇ ಸಂಜೆ ಪೇಟೆಯ ಗದ್ದೆಯಲ್ಲಿ ಸಭೆ ಕರೆದರು.

"ಬ್ಯಾಂಕಿನ ಬುನಾದಿ ಭದ್ರವಾಗಿದೆ," ಎಂದರು ಹೆಗ್ಡೆಯವರು. "ಗಾಳಿಸುದ್ದಿಗೆ ಕಿವಿಗೊಡಬೇಡಿ."

ಶೆಟ್ಟರು ತುಳುವಿನಲ್ಲಿ ಹೇಳಿದರು. ಯಾರೂ ಅಲುಗಾಡಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಮಾತು ನೆಲಕ್ಕೆ ಬಿದ್ದದ್ದು ಶೆಟ್ಟರಿಗೆ ಗೊತ್ತಾಯಿತು. ಬಿದ್ದ ಮಾತನ್ನು ಎತ್ತದೆ ಅವರು ಯಾವ ರಾತ್ರಿಯೂ ತಾಳಮದ್ದಳೆ ಮುಗಿಸಿದವರಲ್ಲ. ಯೋಚನೆ ಮಾಡುವ ಮೊದಲೇ ಬಾಯಿಗೆ ಬಂತು: "ಧರ್ಮಸ್ಥಳದ ಮಂಜುನಾಥ ಸ್ವಾಮಿಯ ಆಣೆ ಉಂಟು, ನಿಮ್ಮ ಒಂದು ಪೈಸೆ ಹೋಗುವುದಿಲ್ಲ."

ಸಭೆಯಲ್ಲಿ ಒಂದು ಉಸಿರು ಎದ್ದಿತು. ಆ ಸೀಮೆಯಲ್ಲಿ ಆ ಆಣೆಯನ್ನು ಸುಳ್ಳಿಗೆ ಹಾಕುವವರಿಲ್ಲ. ಹಾಕಿ ತಪ್ಪಿದರೆ ಹಾಕಿದವನ ಮನೆಗೂ ನಂಬಿದವನ ಮನೆಗೂ ಕೇಡು. ಹೆಗ್ಡೆಯವರು ಶೆಟ್ಟರ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಎರಡೂ ಕೈ ತಲೆಯ ಮೇಲೆತ್ತಿ ಜನರಿಗೆ ಮುಗಿದರು. ನಂತರ ಬೆಳ್ತಂಗಡಿಯ ಸಭೆಯಲ್ಲೂ ಮೂಡುಬಿದಿರೆಯ ಸಭೆಯಲ್ಲೂ ಬ್ಯಾಂಕಿನ ಮಾತು ಬಂದೊಡನೆ ಅವರು ಮಾತು ತಡೆದು ಶೆಟ್ಟರಿಗಾಗಿ ಕಾಯುತ್ತಿದ್ದರು. ಶೆಟ್ಟರು ಆಣೆ ಹಾಕಬೇಕಾಗುತ್ತಿತ್ತು.

ಬಂಟ್ವಾಳದ ಸಭೆಯಲ್ಲಿ ಡೊಂಬಯ್ಯ ಇದ್ದ. ಹೊಳೆಯಾಚೆ ಒಬ್ಬ ಧನಿಯ ಗದ್ದೆಯನ್ನು ಗೇಣಿಗೆ ಮಾಡುವವನು. ದೀಪಾವಳಿಗೆ ಅವನ ಕೋಣಗಳಲ್ಲಿ ಒಂದು ಸತ್ತಿತ್ತು. ಒಂಟಿ ಕೋಣವನ್ನು ಇಟ್ಟು ಏನು ಮಾಡುವುದೆಂದು ಅದನ್ನು ಮಾರಿ, ಇದ್ದದ್ದನ್ನೂ ಕೂಡಿಸಿ ಬ್ಯಾಂಕಿನಲ್ಲಿ ಇಟ್ಟಿದ್ದ. ಮೊದಲ ಮಳೆಗೆ ಮೊದಲು ಒಂದು ಜೊತೆ ತರಬೇಕು. ಉಳದೆ ಬಿಟ್ಟರೆ ಧನಿ ಗದ್ದೆಯನ್ನು ಬೇರೆಯವರಿಗೆ ಕೊಡುತ್ತಾರೆ. ಜನ ಚದರಿದ ಮೇಲೆ ಅವನು ಶೆಟ್ಟರ ಹತ್ತಿರ ಬಂದ.

"ಶೆಟ್ರೇ, ನಾಳೆ ನಾನು ಹಣ ತೆಗೆಯುವುದಾ ಬಿಡುವುದಾ?"

ಶೆಟ್ಟರಿಗೆ ಬ್ಯಾಂಕಿನ ವಿಷಯ ಏನೂ ಗೊತ್ತಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹತ್ತಿರದಲ್ಲಿ ನಾಲ್ಕು ಜನ ನಿಂತು ಕೇಳುತ್ತಿದ್ದರು.

"ಆಣೆ ಹಾಕಿ ಹೇಳಿದ್ದೇನಲ್ಲ ಮಾರಾಯ," ಎಂದರು.

ಮರುದಿನ ಡೊಂಬಯ್ಯ ಸಾಲಿಗೆ ಬಂದವನು, ತನ್ನ ಹಿಂದೆ ನಿಂತ ಒಣಮೀನಿನ ವ್ಯಾಪಾರಿ ಅಬ್ದುಲ್ ಹಕೀಮರಿಗೆ ಜಾಗ ಬಿಟ್ಟುಕೊಟ್ಟ. "ನೀವು ಮುಂದೆ ಹೋಗಿ ಬ್ಯಾರಿಗಳೇ. ನನಗೆ ಬೇಡ."

"ಯಾಕೆ, ನಿನಗೆ ಮನೆಗೆ ತಂದು ಕೊಡ್ತಾರಾ?"

"ಶೆಟ್ರು ಆಣೆ ಹಾಕಿದ್ದಾರೆ."

"ಶೆಟ್ರು ಒಳ್ಳೆಯವರು. ಆದ್ರೆ ಹೆಗ್ಡೆಯವರು ಈ ಸಾಲಲ್ಲಿ ಕಾಣುವುದಿಲ್ಲ ನೋಡು. ಅವರದ್ದು ಮೊದಲೇ ಮುಗಿದಿರಬೇಕು," ಎಂದು ಹಕೀಮರು ನಕ್ಕರು. ಮತ್ತೆ ನಗು ನಿಲ್ಲಿಸಿ, "ನಿಲ್ಲು ಡೊಂಬಯ್ಯ. ಬಂದದ್ದು ಬಂದೆ," ಎಂದರು. ಅವನು ನಿಲ್ಲಲಿಲ್ಲ. ಅವನ ಹಾಗೆ ಇನ್ನೂ ಹಲವರು ಹೋದರು. ಮಧ್ಯಾಹ್ನಕ್ಕೆ ಸಾಲು ಕರಗಿತು.

ಹೆಗ್ಡೆಯವರು ಗೆದ್ದರು. ಗೆಲುವಿಗೆ ಸಿಡಿಸಿದ ಕದಿನ ಮದ್ದಿನ ಸದ್ದು ನಿಂತು ಹನ್ನೆರಡು ದಿನ ಕಳೆಯುವಾಗ ಬ್ಯಾಂಕಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಪಾವತಿ ನಿಂತಿದೆ, ಮುಂದಿನ ತಿಳಿವಳಿಕೆಗೆ ಕಾಯಬೇಕು. ಶೆಟ್ಟರು ಹೆಗ್ಡೆಯವರ ಮನೆಗೆ ಹೋಗಿ ಚಾವಡಿಯಲ್ಲಿ ಬಹಳ ಹೊತ್ತು ಕೂತರು.

"ಕೋರ್ಟಿನಲ್ಲಿ ಉಂಟು. ನಾನು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತುತ್ತೇನೆ," ಎಂದರು ಹೆಗ್ಡೆಯವರು. ಈಗ ತುಳುವಿನಲ್ಲೇ.

"ಅದಲ್ಲ. ಆಣೆಯ ವಿಷಯ. ನೀವೂ ಬಂದರೆ ಧರ್ಮಸ್ಥಳಕ್ಕೆ ಹೋಗಿ ಬಿಡಿಸಿಕೊಂಡು ಬರುವ."

"ನಾನು ಯಾವ ಆಣೆ ಹಾಕಿದ್ದೇನೆ ಶೆಟ್ರೇ? ಬುನಾದಿ ಭದ್ರ ಅಂತ ಹೇಳಿದೆ. ಆಗ ಹಾಗೇ ಇತ್ತು. ಚಹಾ ಕುಡೀರಿ."

ಆಣೆ ಬಿಡಿಸಲು ಹಾಕಿದವನೂ ನಂಬಿದವನೂ ಒಟ್ಟಿಗೆ ಹೋಗಬೇಕು. ನಂಬಿದವರು ಎಷ್ಟೋ ಜನ. ಆದರೆ ಬಾಯಿಬಿಟ್ಟು ಕೇಳಿದವನು ಒಬ್ಬನೇ. ಶೆಟ್ಟರು ಡೊಂಬಯ್ಯನ ಮನೆಗೆ ಹೋಗಲು ಧೈರ್ಯ ಮಾಡುವಾಗ ಮೇ ತಿಂಗಳು ಬಂದಿತ್ತು. ಒಂದು ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಗದ್ದೆಯಲ್ಲಿ ಬೇರೆ ಯಾರೋ ಉಳುತ್ತಿದ್ದರು. ಡೊಂಬಯ್ಯನ ಹೆಂಡತಿ ಕುಸುಮ ಒಂದು ಚಾಪೆ ಹಾಸಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

"ಗದ್ದೆ ಬಿಟ್ಟುಕೊಟ್ಟಾಯಿತು," ಎಂದ ಡೊಂಬಯ್ಯ. "ನಾಡಿದ್ದು ಘಟ್ಟಕ್ಕೆ ಹೋಗ್ತೇನೆ, ಕಾಫಿ ತೋಟಕ್ಕೆ. ಆ ದಾರಿಯಲ್ಲೇ ಧರ್ಮಸ್ಥಳ ಮುಗಿಸುವ. ಮಕ್ಕಳಿದ್ದ ಮನೆ. ಆಣೆ ಹಾಗೇ ಇರಬಾರದು."

"ನನ್ನಿಂದ ಹೀಗಾಯ್ತು ಡೊಂಬಯ್ಯ."

"ಬೆಳಗ್ಗಿನ ಬಸ್ಸಿಗೆ ಹೋಗುವ," ಎಂದ ಡೊಂಬಯ್ಯ.

ಬಸ್ಸಿನಲ್ಲಿ ತನ್ನ ಟಿಕೇಟನ್ನು ಅವನೇ ತೆಗೆದುಕೊಂಡ. ಧರ್ಮಸ್ಥಳದಲ್ಲಿ ಶೆಟ್ಟರು ತಪ್ಪುಕಾಣಿಕೆ ಹಾಕಿದರು. ಸಾವಿರ ಜನರ ಮುಂದೆ ಕೃಷ್ಣನಾಗಿ, ಕರ್ಣನಾಗಿ ಮಾತಾಡಿದ ಬಾಯಿ. ಅಲ್ಲಿ ನಾಲ್ಕು ಮಾತು ಕೂಡಲಿಲ್ಲ. ಡೊಂಬಯ್ಯನೇ ಕೈಮುಗಿದು, "ಇವರ ಮೇಲೆ ನನ್ನ ದೂರಿಲ್ಲ," ಎಂದು ಹೇಳಿ ಮುಗಿಸಿದ.

ಹಿಂದೆ ಬರುವಾಗ ಉಜಿರೆಯಲ್ಲಿ ಇಬ್ಬರೂ ಇಳಿದರು. ಒಬ್ಬನಿಗೆ ಚಾರ್ಮಾಡಿಯ ಕಡೆ ಹೋಗುವ ಬಸ್ಸು, ಇನ್ನೊಬ್ಬರಿಗೆ ಬಂಟ್ವಾಳದ್ದು. ಶೆಟ್ಟರು ಜೇಬಿನಿಂದ ಹತ್ತರ ಎರಡು ನೋಟು ತೆಗೆದರು. ಡೊಂಬಯ್ಯ ಅದನ್ನು ನೋಡದವನಂತೆ ರಸ್ತೆಯ ಕಡೆ ತಿರುಗಿದ.

"ಹೆಗ್ಡೆಯವರು ಬರಲಿಲ್ಲ ಅಲ್ವಾ?" ಎಂದು ಕೇಳಿದ.

"ಅವರು ಆಣೆ ಹಾಕಲಿಲ್ಲವಂತೆ."

ಡೊಂಬಯ್ಯ ಸ್ವಲ್ಪ ಯೋಚಿಸಿದ. ಆ ಸಂಜೆಯ ಸಭೆಯನ್ನು ಮೊದಲಿನಿಂದ ನೆನಪು ಮಾಡುತ್ತಿದ್ದ ಹಾಗಿತ್ತು.

"ಹೌದು," ಎಂದ ಕೊನೆಗೆ. "ಅವರು ಹಾಕಲಿಲ್ಲ. ನೀವೇ ಹಾಕಿದ್ದು."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಘಟ್ಟದ ಬಸ್ಸು ಬಂತು. ತುಂಬಿತ್ತು. ಅವನು ಹಿಂದಿನ ಬಾಗಿಲಿನಿಂದ ಹತ್ತಿ ಜನರ ನಡುವೆ ಒಳಗೆ ಹೋದ. ಶೆಟ್ಟರು ನೋಟುಗಳನ್ನು ಹಿಡಿದುಕೊಂಡೇ ನಿಂತಿದ್ದರು.