ನೆಟ್ಟಗಾದ ಗಾಡಿ

"ನನ್ನ ಗಾಡಿ ಯಾರು ಮುಟ್ಟಿದ್ದು?"

ಮಗಳ ಕೂಗಿಗೆ ಬಡಗಿಯ ಕೈಯಲ್ಲಿದ್ದ ಚಹಾ ತುಳುಕಿತು. ಕೆಲಸದ ಕೋಣೆಯ ಬಾಗಿಲಲ್ಲಿ ಪುಟ್ಟಿ ಮೂಗಿನ ಹೊಳ್ಳೆ ಅರಳಿಸಿಕೊಂಡು ನಿಂತಿದ್ದಳು.

ಅಪ್ಪ ಮಗಳು ಜೊತೆಗೆ ಕೂತು ಮಾಡಿದ ಗಾಡಿ ಅದು. ಮರದ ಚೂರಿನ ಮೈ, ಸವೆದ ಚಪ್ಪಲಿಯ ಮೇಲೆ ಲೋಟವಿಟ್ಟು ಗೀರಿ ಕತ್ತರಿಸಿದ ಚಕ್ರಗಳು. ಮೊಳೆ ಹೊಡೆದದ್ದೆಲ್ಲ ಪುಟ್ಟಿಯೇ. ಒಂದು ಚಕ್ರದ ಮೊಳೆ ನಡುವಿಗೆ ಬಿದ್ದಿರಲಿಲ್ಲ. ಎಳೆದರೆ ಗಾಡಿ ಸುತ್ತಿಗೊಮ್ಮೆ ಹಿಂಭಾಗ ಎತ್ತಿ ಕುಣಿಯುತ್ತಿತ್ತು. ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಅದಕ್ಕೆ ಕುಂಟಮ್ಮ ಎಂದು ಹೆಸರಿಟ್ಟಿದ್ದಳು.

ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಈ ಮನುಷ್ಯನಿಗೆ ಉಂಡ ಅನ್ನ ಅರಗುವುದಿಲ್ಲ. ಮಗಳು ಏಳುವ ಮೊದಲೇ ಎದ್ದು ಚಪ್ಪಲಿ ಚಕ್ರಗಳನ್ನು ಕಿತ್ತು ಕಸಕ್ಕೆಸೆದು, ಮರದ ಚಕ್ರ ಕೂರಿಸಿ, ಮೇಲೆ ವಾರ್ನಿಶ್ ಬೇರೆ ಬಳಿದಿದ್ದ. ಯಾರು ಕೇಳಿದ್ದರು ಇವನನ್ನು? ಗಿರಾಕಿಗೆ ಕೊಡುವ ಕುರ್ಚಿಯೇನು ಅದು?

"ಸರಿ ಮಾಡಿದೀನಿ ಪುಟ್ಟಿ. ಎಳೆದು ನೋಡು, ಎಷ್ಟು ನೆಟ್ಟಗೆ ಹೋಗುತ್ತೆ."

"ಏನು ಕೆಟ್ಟಿತ್ತು ಅಂತ ಸರಿ ಮಾಡ್ದೆ? ಇದು ನಿಂದು. ನೀನೇ ಎಳ್ಕೋ. ಇನ್ಮೇಲೆ ನಿನ್ನ ಜೊತೆ ನಾನು ಏನೂ ಮಾಡಲ್ಲ. ಟೂ!"

ಬೆಂಬಲ ಸಿಕ್ಕೀತೆಂದು ಬಡಗಿ ತನ್ನ ತಾಯಿಯತ್ತ ನೋಡಿದ. ಬಟ್ಟೆ ಮಡಚುತ್ತಿದ್ದ ಮುದುಕಿ ಸಿಡಿದೇಬಿಟ್ಟಳು.

"ನನ್ನ ಮುಖ ಏನೋ ನೋಡ್ತೀಯ? ನೀನು ಸಣ್ಣವನಿದ್ದಾಗ ಮೊಟ್ಟಮೊದಲು ಮಾಡಿದ ಸ್ಟೂಲು ಮರೆತುಹೋಯ್ತಾ? ಮೂರು ಕಾಲು ನೆಲಕ್ಕೆ, ಒಂದು ಆಕಾಶಕ್ಕೆ! ನಿಮ್ಮಪ್ಪ ಅದರ ಮೇಲೇ ಕೂತು ಉಂಡರು, ಬಿದ್ದರು, ಮತ್ತೆ ಕೂತರು. ಒಂದು ದಿನ ಆದ್ರೂ ಸರಿ ಮಾಡ್ತೀನಿ ಅಂದ್ರಾ? ಮಗು ಖುಷಿಗೆ ಮಣ್ಣು ಹಾಕಿ, ನೆಟ್ಟಗಿದೆ ಅಂತೆ ನೆಟ್ಟಗೆ!"

ಬಡಗಿ ಚಹಾ ಲೋಟ ಕೆಳಗಿಟ್ಟು ಕೆಲಸದ ಕೋಣೆಗೆ ಹೋದ. ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು, ಮರದ ಹೊಟ್ಟಿನಲ್ಲಿ ಕೈಯಾಡಿಸಿ ನಾಲ್ಕೂ ಚಕ್ರ ಹೆಕ್ಕಿದ. ತಾನು ಕೂರಿಸಿದ ಚಕ್ರಗಳನ್ನು ತಾನೇ ಕಿತ್ತ. ವಾರ್ನಿಶ್ ಬೆರಳಿಗೆ ಅಂಟಿತು. ಸುತ್ತಿಗೆಯನ್ನು ಮಗಳತ್ತ ಚಾಚಿದ.

ಪುಟ್ಟಿ ನಾಲ್ಕೂ ಚಕ್ರ ಎಣಿಸಿ ನೋಡಿ ಸುತ್ತಿಗೆ ತೆಗೆದುಕೊಂಡಳು. ಆಮೇಲೆ, "ನೀನು ಆ ಕಡೆ ತಿರುಗಿ ಕೂತ್ಕೋ. ನೋಡ್ಕೂಡ್ದು," ಎಂದಳು.

ಅವನು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತ. ಸುತ್ತಿಗೆಯ ಸದ್ದು ಶುರುವಾಯಿತು. ಮೊಳೆ ವಾಲುತ್ತಿರುವುದು ಅವನ ಕಿವಿಗೇ ತಿಳಿಯಿತು. ಎರಡೂ ಕೈಗಳನ್ನು ತೊಡೆಯಡಿ ತುರುಕಿಕೊಂಡ.

"ಅಪ್ಪಾ, ತಿರುಗಬೇಡ ಅಂದೆ!"

"ಇಲ್ಲಮ್ಮ. ನೀನು ಹೊಡಿ."

ಮೊಳೆ ಸೊಟ್ಟಗೇ ಇಳಿಯುತ್ತಿತ್ತು.