‘ಯಾವಾಗಲೂ’ ಎಂದು ಒತ್ತುವ ಮುನ್ನ

ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ. ಆದರೆ ಡಿಗ್ರಿ ಕಾಲೇಜು ಸೇರಿದ ಮೇಲೆ ತರಗತಿಯಲ್ಲಿ ತುಟಿ ಬಿಚ್ಚಿರಲಿಲ್ಲ. ಕೆಮಿಸ್ಟ್ರಿ ತಲೆಗೆ ಹತ್ತುತ್ತಿರಲಿಲ್ಲ. ಕೇಳಿದರೆ ಎಲ್ಲರೂ ನಕ್ಕಾರೆಂಬ ಅಳುಕು. ‘ಕಾಲೇಜು ಬಿಡ್ತೀನಿ’ ಎಂದು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ, ಅಷ್ಟೇ.

ಅಂದು ಅವಳು ಅಪ್ಪನ ಮೋಟರ್ ರಿಪೇರಿ ಅಂಗಡಿಯಲ್ಲಿ ಕುಳಿತು ಮೊಬೈಲ್ ಒತ್ತುತ್ತಿದ್ದಳು. ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುವ ಸೋದರತ್ತೆ ಬಂದಿದ್ದರು.

“ಏನೇ ಅದು?”

“ಕಾಲೇಜಿನ ಸರ್ವೆ ಅತ್ತೆ. ಎಲ್ಲದಕ್ಕೂ ‘ಯಾವಾಗಲೂ’ ಅಂತ ಒತ್ತಿಬಿಟ್ರೆ ಮುಗೀತು.”

ಅತ್ತೆ ಇಣುಕಿದರು. “ತರಗತಿಯಲ್ಲಿ ಪ್ರಶ್ನೆ ಕೇಳ್ತೀರಾ ಅಂತಿದೆ. ಕೇಳ್ತೀಯಾ?”

“ಒಂದ್ಸಲಾನೂ ಇಲ್ಲ.”

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಇದ್ದದ್ದು ಇದ್ದ ಹಾಗೆ ಬರೆದು ಮೇಷ್ಟ್ರ ಕೆಂಗಣ್ಣಿಗೆ ಬೀಳ್ಬೇಕಾ? ಮಾರ್ಕ್ಸ್ ಕತ್ತರಿಸಿದ್ರೆ?”

“ಇದರಲ್ಲಿ ಹೆಸರೇ ಕೇಳಿಲ್ಲ ನೋಡಣ್ಣ. ಇದು ಪರೀಕ್ಷೆ ಅಲ್ಲ. ಮಕ್ಕಳು ಕಲಿಕೇಲಿ ಎಷ್ಟು ತೊಡಗಿದ್ದಾರೆ, ಎಲ್ಲಿ ಹಿಂಜರೀತಿದ್ದಾರೆ ಅಂತ ತಿಳ್ಕೊಳ್ಳೋ ದಾರಿ. ಗಿರಾಕಿ ಕೆಟ್ಟ ಮೋಟರ್ ತಂದು ‘ಎಲ್ಲಾ ಸರಿಯಿದೆ’ ಅಂದ್ರೆ ನೀನೇನ್ ರಿಪೇರಿ ಮಾಡ್ತೀಯ?”

ಅಪ್ಪ ನಕ್ಕುಬಿಟ್ಟರು. “ಬರಿಯಮ್ಮ, ನಿಜಾನೇ ಬರಿ.”

ಗುಬ್ಬಿ ಈಗ ಒಂದೊಂದೇ ಪ್ರಶ್ನೆ ಓದತೊಡಗಿದಳು. ತರಗತಿಯಾಚೆ ಅಧ್ಯಾಪಕರೊಡನೆ ಮಾತಾಡಿದ್ದೀರಾ? ಕಲಿತದ್ದನ್ನು ಗೆಳೆಯರಿಗೆ ವಿವರಿಸಿದ್ದೀರಾ? ಇದನ್ನೆಲ್ಲ ಯಾಕೆ ಕೇಳುತ್ತಾರೆ? ಉಳಿದವರು ಏನೆಂದಿರಬಹುದು? ಕುತೂಹಲ ಹೆಚ್ಚಿತು. ಒತ್ತಿದ್ದನ್ನೆಲ್ಲ ಅಳಿಸಿ ನಿಜ ತುಂಬಿದಳು. ಕೊನೆಯ ಖಾಲಿ ಜಾಗದಲ್ಲಿ, “ಕೇಳೋಕೆ ಭಯ. ಕ್ಲಾಸ್ ಮುಗಿದ ಕೂಡಲೇ ಬಸ್ಸಿಗೆ ಓಡಬೇಕು” ಎಂದು ಬರೆದಳು.

ಕೆಲವು ವಾರಗಳ ನಂತರ ಸರ್ವೆಯ ಫಲಿತಾಂಶ ನೋಟಿಸ್ ಬೋರ್ಡಿಗೆ ಬಂತು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಒಮ್ಮೆಯೂ ಪ್ರಶ್ನೆ ಕೇಳಿರಲಿಲ್ಲ! ಗುಬ್ಬಿ ಮತ್ತೆ ಮತ್ತೆ ಓದಿದಳು. ನಕ್ಕಾರೆಂದು ಅವಳು ಹೆದರಿದ್ದ ಸಹಪಾಠಿಗಳಲ್ಲೂ ಎಷ್ಟೋ ಮಂದಿ ಅವಳಂತೆಯೇ ಬಾಯಿ ಮುಚ್ಚಿ ಕೂತಿದ್ದರು.

ಸಂಜೆ ಬಸ್ಸಿಗೆ ಓಡುವವರಿಗೂ ಅನುಕೂಲವಾಗಲೆಂದು ಕಾಲೇಜು ಮಧ್ಯಾಹ್ನದಲ್ಲೇ ಒಂದು ತಾಸು ಬಿಡುವು ಮಾಡಿ, ಅಧ್ಯಾಪಕರನ್ನು ಸಣ್ಣ ಗುಂಪುಗಳ ಜೊತೆ ಕೂರಿಸಿತು. ಕೆಮಿಸ್ಟ್ರಿ ಮೇಡಂ ಹೇಳಿದರು: “ನೀವು ಸುಮ್ಮನಿದ್ರಲ್ಲ, ಅರ್ಥ ಆಗಿದೆ ಅಂದ್ಕೊಂಡಿದ್ದೆ.”

ಗುಬ್ಬಿ ಕೈ ಎತ್ತಿದಳು. “ಮೇಡಂ, ಮೊದಲನೇ ಪಾಠದಿಂದ ಶುರು ಮಾಡೋಣ್ವಾ?”

ಯಾರೂ ನಗಲಿಲ್ಲ. “ಅಬ್ಬಾ, ನನಗೂ ಅದೇ ಬೇಕಿತ್ತು!” ಎಂದ ಪಕ್ಕದ ಹುಡುಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ನಿಮ್ಮ ಕಾಲೇಜಿನಲ್ಲೂ ಸರ್ವೆ ಬಂದಿದೆಯೇ? ಕಣ್ಣುಮುಚ್ಚಿ ಒತ್ತಬೇಡಿ. ಓದಿ, ಯೋಚಿಸಿ, ನಿಜ ಹೇಳಿ. ತಂದೆತಾಯಂದಿರೇ, ಮಕ್ಕಳಿಗೆ ಧೈರ್ಯ ಹೇಳಿ. ಮಕ್ಕಳು ನಿಜ ಹೇಳಿದರೆ ತಾನೇ ಕಾಲೇಜಿಗೆ ಗೊತ್ತಾಗುವುದು!